ಎದೆಗೂದಲೆಂಬ ಕಂಬಳಿ

ಬಚ್ಚಲಿನ ಜಾಲರಿಗೆ ಕೂದಲು ಸಿಕ್ಕಿ ನೀರು ಕಟ್ಟಿತೆಂದರೆ ಚೆಂಬೂರಿನ ನಮ್ಮ ಮನೆಯಲ್ಲಿ ವಿಚಾರಣೆ ನಡೆಯುವುದಿಲ್ಲ. ನೇರ ತೀರ್ಪೇ ಬರುತ್ತದೆ. ತಲೆ ನುಣ್ಣಗಾಗಿ ವರ್ಷಗಳು ಸಂದರೂ ಕುತ್ತಿಗೆಯಿಂದ ಕೆಳಗೆ ನಾನು ಸಂರಕ್ಷಿತ ಅಭಯಾರಣ್ಯ. ಎದೆಗೂದಲೆಂದರೆ ದೇವರು ಹೊದಿಸಿದ ಕಂಬಳಿ ಎಂದು ನನ್ನಜ್ಜಿ ಹೇಳುತ್ತಿದ್ದುದನ್ನು ಶಾಸ್ತ್ರವಾಕ್ಯವಾಗಿ ನಂಬಿದವನು ನಾನು. ಕಂಬಳಿ ನೆನೆದರೆ ಏನಾಗುತ್ತದೆಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿವೃತ್ತಿಯ ಮೇಲೆ ನನಗೆ ಭಾನುವಾರದ ಮುಂಜಾನೆ ಜುಹು ಕಡಲಲ್ಲಿ ಈಜುವ ಹುಚ್ಚು ಹತ್ತಿತು. ಜೊತೆಗೆ ಮಲಾಡಿನಲ್ಲಿರುವ ಹೆಂಡತಿಯ ತಮ್ಮ ಸುಧಾಕರ. ಮುಂಬಯಿಯಲ್ಲೂ ಚಳಿಯೇ ಎಂದು ನೀವು ನಗುತ್ತೀರಿ, ಗೊತ್ತು. ಜನವರಿಯಲ್ಲಿ ಒಂದು ಗಂಟೆ ಆ ನೀರಿನಲ್ಲಿದ್ದು ಬಂದು ಆಮೇಲೆ ನಗಿ. ಕಳೆದ ಸಲ ಒದ್ದೆ ಮೈಯಲ್ಲೇ ರಿಕ್ಷಾ ಹತ್ತಿ ಬಂದವನು, ನಡುಗುವ ಕೈಯಿಂದ ಚಹಾವನ್ನೆಲ್ಲ ನನ್ನಾಕೆ ಸುಮತಿಯ ಹೊಸ ಸೀರೆಗೆ ಕುಡಿಸಿದೆ.

"ಬರುವ ವಾರ ಫ್ಲಾಸ್ಕ್ ಹಿಡಿದು ನಾನೇ ದಡಕ್ಕೆ ಬರುತ್ತೇನೆ ಮಾರಾಯ್ರೆ. ಕೈಯಲ್ಲಿ ಲೋಟ ನಡುಗಿತೋ, ನಿಮ್ಮ ಈಜುಚಡ್ಡಿ ಗುಜರಿಯ ಭಂಗಾರ್‌ವಾಲಾನ ಪಾಲು!" ಎಂದಳು.

ವಾರದಲ್ಲಿ ಅದೊಂದು ಗಂಟೆ ಮಾತ್ರ ನನ್ನ ಮಂಡಿನೋವು ನನ್ನನ್ನು ಮರೆತಿರುತ್ತದೆ, ಅದನ್ನು ಬಿಟ್ಟುಕೊಡುವುದುಂಟೆ?

ಆ ಭಾನುವಾರ ಅಂತರ್ಜಾಲ ಪಂಡಿತನಾದ ಸುಧಾಕರ, ಕೂದಲು ವೇಗಕ್ಕೆ ವಿಘ್ನ, ವೇಗವಿದ್ದರೆ ಚಳಿಯಿಲ್ಲವೆಂದು ಸರ್ವಾಂಗ ಬೋಳಿಸಿ, ಸುಲಿದ ಬಾಳೆಹಣ್ಣಿನಂತೆ ಬಂದು ನಿಂತ. "ಭಾವ, ಈ ಜಮಖಾನ ಹೊದ್ದು ಈಜುವುದಾ? ಬಲೆ ಅಂತ ಮೀನುಗಾರರು ಎಳ್ಕೊಂಡು ಹೋದಾರು" ಎಂದು ಕಡಲತೀರದಲ್ಲಿ ಬಲೆ ಬಿಡಿಸುತ್ತಿದ್ದವರನ್ನು ತೋರಿಸಿದ. ನಾನೋ ಹಿರಿಯರ ದಾರಿಯವನು. ಊರಿನ ತೆಂಗಿನೆಣ್ಣೆಯನ್ನು ಬಿಸಿಮಾಡಿ, ದೀಪಾವಳಿಯ ಅಭ್ಯಂಜನದಂತೆ ಮೈತುಂಬ ಬಳಿದುಕೊಂಡು ಬಂದಿದ್ದೆ. ಚಳಿಗಾಲದಲ್ಲಿ ಅದೇ ಎಣ್ಣೆ ಡಬ್ಬಿಯಲ್ಲಿ ಕಲ್ಲಾಗಿ ಕೂರುವುದನ್ನು ದಿನವೂ ಕಂಡವನಿಗೆ ಅಂದು ಮಾತ್ರ ಅದು ಹೊಳೆಯಲಿಲ್ಲ.

ಲಂಗರು ಹಾಕಿದ್ದ ದೋಣಿಯನ್ನು ಮುಟ್ಟಿ ಮರಳುವಷ್ಟರಲ್ಲಿ ಕೂದಲ ತುದಿತುದಿಗೂ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ದಡದಲ್ಲಿ ಮರಾಠಿ ಅಜ್ಜಿಯೊಬ್ಬರು ಮೊಮ್ಮಗಳಿಗೆ "ಬಘ್, ಅಸ್ವಲ್!" ಎಂದು ಕರಡಿ ತೋರಿಸಿದರು. ಕರಡಿ ಗಡಗಡ ನಡುಗುತ್ತಿತ್ತು. ಪಕ್ಕದಲ್ಲಿ ಬಾಳೆಹಣ್ಣೂ ನಡುಗುತ್ತಿತ್ತು. ಸುಮತಿಯ ಕೈಯ ಫ್ಲಾಸ್ಕ್ ಕಂಡು ನಾನು ಮನಸ್ಸಿನಲ್ಲೇ ಚಡ್ಡಿಗೆ ವಿದಾಯ ಹೇಳಿದೆ.

ಅವಳು ಫ್ಲಾಸ್ಕಿನ ಮುಚ್ಚಳ ತೆಗೆಯಲಿಲ್ಲ. ಚೀಲದಿಂದ ಎರಡು ಒಣ ಬೈರಾಸು ತೆಗೆದು ಒಂದನ್ನು ತಮ್ಮನ ಮುಖಕ್ಕೆ ಎಸೆದಳು. ಇನ್ನೊಂದರಿಂದ ಪಾತ್ರೆ ತಿಕ್ಕುವ ಶ್ರದ್ಧೆಯಿಂದ ನನ್ನನ್ನು ಒರೆಸತೊಡಗಿದಳು. "ಬೋಳಿಸಿದವನೂ ನಡುಗಿದ, ಬೆಳೆಸಿದವರೂ ನಡುಗಿದರು. ಒದ್ದೆ ಕೂದಲು ಬೆಚ್ಚಗಿಡುವುದಾದರೆ ನೆಲ ಒರೆಸುವ ಬಟ್ಟೆಗೆ ಜ್ವರ ಬರಬೇಕಿತ್ತು! ಬೈರಾಸು ಅಂತ ಒಂದು ವಸ್ತು ಉಂಟು, ಇಬ್ಬರಿಗೂ ನೆನಪಾಗಲಿಲ್ಲವಾ?"

ಸ್ವೆಟರ್ ತೊಡಿಸಿ, ನನ್ನ ಹಲ್ಲಿನ ಕಟಕಟ ಪೂರ್ತಿ ನಿಂತದ್ದನ್ನು ಕಿವಿಗೊಟ್ಟು ಕೇಳಿ, ಆಮೇಲಷ್ಟೇ ಲೋಟ ಕೊಟ್ಟಳು. ಲೋಟ ನಡುಗಲಿಲ್ಲ. "ಸರಿ, ಬರುವ ವಾರವೂ ಸಾಯಿರಿ" ಎಂದಳು.

ಮನೆಗೆ ಬಂದು ಮಿಂದೆ, ಬಚ್ಚಲು ಕಟ್ಟಿತು. ತೀರ್ಪಿಗೆ ಕಾಯದೆ ನಾನೇ ಕಡ್ಡಿ ಹಿಡಿದು ಕುಕ್ಕುರುಗಾಲಲ್ಲಿ ಕೂತೆ. ಜಾಲರಿಯಿಂದ ಎಳೆದು ತೆಗೆದ ಅಜ್ಜಿಯ ಕಂಬಳಿ ಅಂಗೈಯಷ್ಟಿತ್ತು, ಜಿಡ್ಡಾಗಿತ್ತು, ತಣ್ಣಗಿತ್ತು.