ರಜೆಯ ದಿನ ಜಾರಿದ ಕಲ್ಲು

ಇಳಕಲ್ಲಿನಲ್ಲಿ ಯಾರನ್ನೇ ಕೇಳಿ, ಆ ಸಾವಿನ ಕಥೆಯನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಅಮಾವಾಸ್ಯೆಯ ದಿನ ಕಲ್ಲು ಮುಟ್ಟಿದ, ಕಲ್ಲು ಅವನನ್ನು ಬಿಡಲಿಲ್ಲ. ಚಹಾದಂಗಡಿಯಲ್ಲಿ ಹೀಗೆಂದವರು ಬಸಿಯಲ್ಲಿ ಉಳಿದ ಗುಟುಕನ್ನು ಹೀರಿ ಸೀರೆ ಪೇಟೆಯ ಮಾತಿಗೆ ಹೊರಳುತ್ತಾರೆ. ನನ್ನದೊಂದು ತಕರಾರಿದೆ. ನಮ್ಮೂರ ಕೆಂಪು ಕಲ್ಲಿಗೆ ಪಂಚಾಂಗ ಓದಲು ಬರುತ್ತದೆ ಎಂದೇ ಒಪ್ಪಿಕೊಳ್ಳೋಣ. ಆದರೆ ಅವತ್ತು ಕಲ್ಲು ಮುಟ್ಟಿದವರು ನಾಲ್ವರು, ಮುಟ್ಟಿಸಿದವನು ಐದನೆಯವನು. ಅಷ್ಟು ಜನರಲ್ಲಿ ಕಡಿಮೆ ಕೂಲಿಯವನನ್ನೇ ಆರಿಸಿಕೊಳ್ಳುವ ಬುದ್ಧಿ ಕಲ್ಲಿಗೆ ಎಲ್ಲಿಂದ ಬಂತು?

ಗಣಿಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಅಮಾವಾಸ್ಯೆ ಬಂದರೆ ಉಳಿ, ಸುತ್ತಿಗೆ, ಹಾರೆ, ಕಲ್ಲು ಎತ್ತುವ ಉಕ್ಕಿನ ಹಗ್ಗ ಎಲ್ಲವನ್ನೂ ತೊಳೆದು ಸಾಲಾಗಿ ಇಡುತ್ತಾರೆ. ಬೀರಪ್ಪ ದೇವರ ಒಕ್ಕಲಿನವರು ಅವುಗಳಿಗೆ ಭಂಡಾರದ ಅರಿಸಿನ ಹಚ್ಚಿ ಕಾಯಿ ಒಡೆಯುತ್ತಾರೆ. ಅವತ್ತು ಯಾರೂ ಕಲ್ಲು ಮುಟ್ಟುವಂತಿಲ್ಲ. ಕಂಪನಿ ಈ ರಜೆಯನ್ನು ಬಾಯಿ ಮಾತಿನಲ್ಲಿ ಒಪ್ಪಿತ್ತು, ಬಂದರಿಗೆ ಕಲ್ಲು ಹೋಗುವುದು ತಡವಾದಾಗ ಮಾತ್ರ ಮರೆಯುತ್ತಿತ್ತು. ಆ ಅಮಾವಾಸ್ಯೆಗೂ ಒಂದು ಕಲ್ಲು ಲಾರಿ ಏರುವುದು ಬಾಕಿ ಇತ್ತು. ಅರ್ಧ ತಾಸಿನ ಕೆಲಸ ಎಂದು ಮ್ಯಾನೇಜರು ಹೇಳಿಕಳಿಸಿದ. ನಾಲ್ವರು ಹೋದರು, ಅವರಲ್ಲಿಬ್ಬರು ಅಣ್ಣತಮ್ಮಂದಿರು. ಅಣ್ಣ ಮತ್ತು ಇನ್ನಿಬ್ಬರು ಎತ್ತುವ ಯಂತ್ರದ ಹಿಡಿಕೆ ತಿರುಗಿಸಿದರು, ತಮ್ಮ ಕೆಳಗೆ ನಿಂತು ಹಾರೆಯಿಂದ ಕಲ್ಲಿಗೆ ದಾರಿ ತೋರಿಸಿದ. ಎಳೆ ಬಿಚ್ಚಿದೆ ಎಂದು ತಿಂಗಳಿಂದ ದೂರು ಹೇಳಿಸಿಕೊಂಡಿದ್ದ ಹಗ್ಗ ಕಡಿಯಿತು. ಕಲ್ಲು ಜಾರಿತು. ತಮ್ಮನನ್ನು ದವಾಖಾನೆಗೆ ಒಯ್ಯುವ ಅಗತ್ಯ ಬೀಳಲಿಲ್ಲ.

ಇಂಥ ಹೊತ್ತಿನಲ್ಲಿ ಕಂಪನಿಯವರು ಏನು ಮಾಡಬೇಕೆಂದು ಕಾಯ್ದೆಯಲ್ಲಿದೆ. ಬಾಗಲಕೋಟೆಯ ಕಾನೂನು ಕಾಲೇಜಿನಲ್ಲಿ ಮೊದಲ ವರ್ಷದಲ್ಲಿದ್ದ ನನಗೂ ಅದು ಗೊತ್ತಿತ್ತು. ಜೀವ ಹೋದ ಜಾಗವನ್ನು ಪರೀಕ್ಷಕರು ನೋಡುವ ತನಕ ಇದ್ದ ಹಾಗೆಯೇ ಬಿಡಬೇಕು. ಸುದ್ದಿಯನ್ನು ಕೂಡಲೇ ಮುಟ್ಟಿಸಬೇಕು. ಯಾರಿದ್ದರು, ಏನು ಕಂಡರು ಎಂದು ಬರೆದಿಡಬೇಕು. ನಮ್ಮ ಕಂಪನಿ ಮೂರನ್ನೂ ಮಾಡಿತು, ಹಿಂದುಮುಂದಾಗಿ.

ಅಲ್ಲಿಯ ತನಕ ದೇವರನ್ನು ಕ್ಯಾಲೆಂಡರಿನ ಚಿತ್ರವೆಂದಷ್ಟೇ ಬಲ್ಲವನಾಗಿದ್ದ ಮ್ಯಾನೇಜರು ಆ ಮಧ್ಯಾಹ್ನದೊಳಗೆ ಪರಮಭಕ್ತನಾದ.

"ಜಾಗಾ ಮೈಲಿಗಿ ಆಗೇತಿ. ತೊಳದು ಶಾಂತಿ ಮಾಡಿಬಿಡ್ರಿ. ಕಾಯಿ, ಊದಿನಕಡ್ಡಿ ಎಲ್ಲಾ ಕಂಪನಿದ," ಎಂದ.

ಸತ್ತವನ ಅಣ್ಣನೇ ಗೋಮೂತ್ರ ಚಿಮುಕಿಸಿದ, ಕೊಡಗಟ್ಟಲೆ ನೀರು ಹೊಯ್ದ, ಮೇಲೆ ಭಂಡಾರ ಎರಚಿದ. ಯಾರೂ ಅವನನ್ನು ಒತ್ತಾಯಿಸಲಿಲ್ಲ. ತಮ್ಮನ ರಕ್ತ ನೆಲದ ಮೇಲೆ ಬಿದ್ದಿರುವುದನ್ನು ಯಾವ ಅಣ್ಣ ನೋಡಿಕೊಂಡು ನಿಂತಾನು? ಕಡಿದ ಹಗ್ಗವನ್ನು, ಕೆಟ್ಟದ್ದು ಕಣ್ಣಮುಂದೆ ಇರಬಾರದೆಂದು, ನೀರು ತುಂಬಿದ ಹಳೆಯ ಕುಣಿಗೆ ಎಸೆದರು. ಕೆಲವು ದಿನಗಳ ಮೇಲೆ ಪರೀಕ್ಷಕರು ಬಂದಾಗ ಆ ಜಾಗ ಎಷ್ಟು ಪವಿತ್ರವಾಗಿತ್ತೆಂದರೆ ಅವರು ಬೂಟು ಕಳಚಿ ಒಳಗೆ ಹೋದರು. ಕೈ ಮುಗಿದರು. ಏನು ಕಂಡಿರಿ ಎಂದು ಉಳಿದ ಮೂವರನ್ನೂ ಕೇಳಿದರು. ಅವತ್ತು ರಜೆ, ನಾವು ಇರಲಿಲ್ಲ ಎಂದರು ಮೂವರೂ.

ಇನ್ನು ಬರೆದಿಡುವ ವಿಷಯ. ಗಣಿಯ ಕಚೇರಿಯಲ್ಲಿ ಕಾರಕೂನನಾಗಿದ್ದವನು ನನ್ನ ಕಾಕಾ. ಅಪಘಾತದ ವರದಿಯ ಕರಡನ್ನು ಮನೆಗೆ ತಂದ.

"ನಿನ್ನ ಅಕ್ಷರ ಚಲೋ ಅದಾವ. ಇದನ್ನೊಂದು ಚೊಕ್ಕ ಬರದು ಕೊಡವಾ."

ಗಣಿಗೆ ರಜೆ ಇದ್ದ ದಿನ ಮೃತನು ಯಾರಿಗೂ ತಿಳಿಸದೆ ಒಳಹೊಕ್ಕು, ತನ್ನ ಬೇಜವಾಬ್ದಾರಿಯಿಂದ ಅನಾಹುತ ತಂದುಕೊಂಡಿದ್ದಾನೆ ಎಂದಿತ್ತು.

"ರಜಾ ಇದ್ರ ಹಿಡಿಕಿ ತಿರುವಿದವರು ಯಾರು ಕಾಕಾ?"

"ಹಂಗ ಕೇಳಕೋತ ಕುಂತ್ರ ನನಗೂ ಕಾಯಂ ರಜಾ ಕೊಡ್ತಾರ. ಬರಿ."

ಬರೆದೆ. ಸುಳ್ಳು ಹೇಳಿ ಏನು ಪ್ರಯೋಜನ. ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂದು ಚೀಟಿ ಎತ್ತಿ, ಬಂದ ಕಡೆ ನಿಂತು ಗೆದ್ದು ಅಭ್ಯಾಸವಾಗಿತ್ತು. ವಾಕ್ಯಗಳು ಉದ್ದವಾಗಿದ್ದವು, ಕತ್ತರಿಸಿ ಚೂಪು ಮಾಡಿದೆ. "ಸ್ವಇಚ್ಛೆಯಿಂದ" ಎಂಬ ಪದ ಕರಡಿನಲ್ಲಿರಲಿಲ್ಲ, ಅದು ನನ್ನ ಕಾಣಿಕೆ.

ಸತ್ತವನ ಹೆಂಡತಿ ನಮ್ಮ ಓಣಿಯವಳೇ. ಮಗ್ಗದವರ ಮನೆಗಳಿಗೆ ಹೋಗಿ ಸೀರೆಯ ಒಡಲಿಗೆ ಸೆರಗಿನ ಎಳೆ ಕೂಡಿಸಿಕೊಡುವ ಕೆಲಸ ಮಾಡುತ್ತಿದ್ದಳು. ಕಂಪನಿ ಸಂತಾಪ ಸಭೆ ಮಾಡಿತು. ಎರಡು ನಿಮಿಷದ ಮೌನದಲ್ಲಿ ಮ್ಯಾನೇಜರು ಎರಡು ಸಲ ಗಡಿಯಾರ ನೋಡಿಕೊಂಡ. ಆಮೇಲೆ ಅವಳಿಗೊಂದು ಕೆಂಪು ಸೆರಗಿನ ಇಳಕಲ್ ಸೀರೆ ಕೊಟ್ಟ. ಹಿಂದಿನ ವಾರ ವಿಧವೆಯಾದವಳಿಗೆ. ಅವಳು ಸೆರಗನ್ನು ತಿರುಗಿಸಿ ನೋಡಿದಳು.

"ಇದರ ಎಳಿ ನಾನ ಕೂಡ್ಸೇನ್ರಿ."

"ಹೌದಾ? ಭಾಳ ಚಲೋ ಆತು ಬಿಡವಾ," ಎಂದ ಮ್ಯಾನೇಜರು, ಖರೆಯೇ ಸಂತೋಷಪಟ್ಟು.

ಆ ಸಂಜೆ ಅವಳು ನಮ್ಮ ಕಟ್ಟೆಗೆ ಬಂದು ಕೂತಳು.

"ನೀ ಕಾಯ್ದೆ ಓದಾಕಿ. ನಮ್ಮನಿಯವರು ಕೆಲಸದ ಮ್ಯಾಲೆ ಸತ್ತಿಲ್ಲ ಅಂತಾರ ಕಂಪನಿಯವರು. ಹಂಗಾದ್ರ ಎದರ ಮ್ಯಾಲೆ ಸತ್ರು?"

ಇದಿಷ್ಟೇ ಪ್ರಶ್ನೆ. ಕೆಲಸದ ಮೇಲೆ ಸತ್ತಿದ್ದರೆ ಅವಳಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಕಂಪನಿ ಪರಿಹಾರ ಕೊಡಲೇಬೇಕು. ಇಲ್ಲವಾದರೆ ಆ ಸೀರೆಯೇ ಪರಿಹಾರ. ವರದಿಯನ್ನು ಚೂಪು ಮಾಡಿದವಳು ನಾನೇ ಎಂದು ಅವಳಿಗೆ ಹೇಳುವ ಧೈರ್ಯವಾಗಲಿಲ್ಲ. ಪರಿಹಾರದ ಅರ್ಜಿಯನ್ನೂ ನಾನೇ ಬರೆದುಕೊಟ್ಟೆ. ಎರಡೂ ಕಡೆಯ ಕಾಗದ ಒಂದೇ ಕೈಬರಹದಲ್ಲಿದ್ದ ಪ್ರಕರಣ ಇನ್ನೊಂದಿರಲಿಕ್ಕಿಲ್ಲ.

ಈಗ ಸಾಕ್ಷಿ ಬೇಕಿತ್ತು. ಸತ್ತವನ ಅಣ್ಣನ ಮನೆಗೆ ಹೋದೆ. ಕುರಿ ಹಟ್ಟಿಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ.

"ನಿಮ್ಮ ತಮ್ಮ ಒಬ್ಬನ ಆ ಕಲ್ಲ ಎತ್ತಿದ್ನೇನ್ರಿ?"

"ಮೂರು ಮಂದಿ ತಿರುವಿದ್ರೂ ಅದು ಏಳೂದಿಲ್ಲವಾ ಒಮ್ಮೊಮ್ಮೆ."

"ಮತ್ತ ಇದನ್ನ ಸಾಹೇಬ್ರ ಮುಂದ ಹೇಳ್ರಿ."

ಹೊಸೆಯುವುದು ನಿಂತಿತು. "ಅಮಾಸಿ ದಿನ ಕಲ್ಲ ಮುಟ್ಟೇನಿ ಅಂತ ನನ್ನ ಬಾಯಿಲೆ ಹೇಳ್ಲೇನು? ಬೀರಪ್ಪನ ಗುಡಿಯೊಳಗ ಭಂಡಾರ ಹಚ್ಚಾಂವ ನಾ. ನಾಳೆ ಮಂದಿ ನನ್ನ ಮುಂದ ಹಣಿ ಒಡ್ಡತಾರ?"

"ಮುಟ್ಟಿದ್ದಂತೂ ಖರೆ."

"ಮುಟ್ಟೂದು ಬ್ಯಾರೆ, ಮುಟ್ಟೇನಿ ಅನ್ನೂದು ಬ್ಯಾರೆ. ಸಾಲಿ ಕಲ್ತಾಕಿ, ಇಷ್ಟೂ ತಿಳಿಯೂದಿಲ್ಲೇನು?"

ಚರ್ಚೆಗೆಂದು ಧಾರವಾಡದ ತನಕ ಹೋಗಿ ಬಹುಮಾನ ತಂದವಳು ಅಲ್ಲಿಂದ ಎದ್ದು ಬಂದೆ. ಕಂಪನಿಯವರು ಎಂಥ ವಕೀಲರನ್ನು ಕರೆಸಿದ್ದರೂ ಇದಕ್ಕಿಂತ ಗಟ್ಟಿ ವಾದ ಸಿಗುತ್ತಿರಲಿಲ್ಲ. ಕೂಲಿಯವರ ಮರ್ಯಾದೆಯೇ ಕಂಪನಿಯ ಪರವಾಗಿ ನಿಂತಿತ್ತು, ಅದೂ ಪುಕ್ಕಟೆಯಾಗಿ. ಉಳಿದಿಬ್ಬರ ಉತ್ತರವೂ ಅದೇ.

ವಿಚಾರಣೆ ಬಾಗಲಕೋಟೆಯಲ್ಲಿ, ಕಾರ್ಮಿಕ ಅಧಿಕಾರಿಯ ಮುಂದೆ. ಅಣೆಕಟ್ಟಿನ ಹಿನ್ನೀರಿಗೆ ಮುಳುಗಡೆಯ ಪಟ್ಟಿಯಲ್ಲಿದ್ದ ಕಟ್ಟಡ. ಹೇಗೂ ನೀರಿಗೆ ಹೋಗುವುದಕ್ಕೆ ಸುಣ್ಣ ಯಾಕೆಂದು ಯಾರೂ ಗೋಡೆ ಮುಟ್ಟಿರಲಿಲ್ಲ. ಇಳಕಲ್ಲಿನಿಂದ ಹುನಗುಂದದ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ, ಕಂಪನಿಯ ಕಡೆಯಿಂದ ಬರಲಿದ್ದ ಅಣ್ಣನಿಗೆ ಕೇಳಬೇಕಾದ ಏಳು ಪ್ರಶ್ನೆಗಳನ್ನು ಸತ್ತವನ ಹೆಂಡತಿಗೆ ಬಾಯಿಪಾಠ ಮಾಡಿಸಿದ್ದೆ. ಒಂದಕ್ಕಿಂತ ಒಂದು ಹರಿತ. ಇನ್ನೂ ವಕೀಲಳಾಗದ ನಾನು ಅಲ್ಲಿ ಬಾಯಿ ಬಿಡುವಂತಿರಲಿಲ್ಲ. ಅವಳು ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದ್ದಳು.

ಕಂಪನಿಯ ವಕೀಲರು ವರದಿ ಓದಿದರು. "ಸ್ವಇಚ್ಛೆಯಿಂದ" ಎಂಬಲ್ಲಿ ಸ್ವಲ್ಪ ತಡೆದು, ಅಧಿಕಾರಿಯ ಮುಖ ನೋಡಿ, ಇನ್ನೊಮ್ಮೆ ಓದಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಆಮೇಲೆ ಅಣ್ಣನನ್ನು ನಿಲ್ಲಿಸಿದರು, ಕಂಪನಿಯ ಸಾಕ್ಷಿಯಾಗಿ. ಮ್ಯಾನೇಜರು ಅವನ ಬೆನ್ನ ಹಿಂದಿನ ಕುರ್ಚಿಯಲ್ಲಿದ್ದ.

"ರಜಾ ಇತ್ರಿ ಅವತ್ತ. ಅಂವ ತಾನ ಹೋಗಿದ್ದ. ನಾ ಮನ್ಯಾಗಿದ್ದೆ," ಎಂದ ಅಣ್ಣ, ಮೇಜಿನ ಕಾಲಿಗೆ ಹೇಳಿದಂತೆ.

ಅಧಿಕಾರಿ ಪೆನ್ನು ಮುಚ್ಚುವವರಿದ್ದರು. "ನಿಂದೇನರೆ ಕೇಳೂದೈತೇನವಾ ಇವರಿಗೆ?"

ನಾನು ಹಿಂದಿನಿಂದ ಮೊದಲ ಪ್ರಶ್ನೆಯನ್ನು ಪಿಸುಗುಟ್ಟಿದೆ. ಅವಳು ತಿರುಗಿಯೂ ನೋಡಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಗಂಡನ ಅಣ್ಣನ ಹತ್ತಿರಕ್ಕೆ ಎರಡು ಹೆಜ್ಜೆ ಹೋದಳು.

"ಬಾವಾರ, ಅವತ್ತ ಮುಂಜಾನಿ ನಾ ಒಲಿ ಮುಂದ ರೊಟ್ಟಿ ಬಡಿಯಾಕತ್ತಿದ್ದೆ. ಅವರಿನ್ನೂ ಮಲಗಿದ್ರು. ಬಾಗಲದಾಗ ನಿಂತು, 'ಏಳಲೇ ತಮ್ಮಾ, ಮ್ಯಾನೇಜರ್ ಸಾಹೇಬ್ರು ಕರ್ಯಾಕತ್ತಾರ, ಲಗೂ ಬಾ' ಅಂತ ಎಬ್ಬಿಸಿದವರು ಯಾರ್ರಿ?"