ಅವರ ತೋಳಿನದು, ನನ್ನ ಕೊರಳಿನದು

ಎಂಟನೇ ವಯಸ್ಸಿನಿಂದ ನನ್ನ ಕೊರಳಲ್ಲಿ ಇಷ್ಟಲಿಂಗವಿದೆ. ಪುಟ್ಟ ಬೆಳ್ಳಿ ಕರಡಿಗೆ, ಅದರೊಳಗೆ ಲಿಂಗ, ಕಟ್ಟಿಕೊಳ್ಳಲು ದಾರ. ದೀಕ್ಷೆಯಾದ ದಿನ ಅಪ್ಪ ಹೇಳಿದ್ದು ಇಷ್ಟೇ: ಸ್ನಾನಕ್ಕೂ ಬಿಚ್ಚಬೇಡ, ನಿದ್ದೆಗೂ ಬಿಚ್ಚಬೇಡ. ನಾನು ಬಿಚ್ಚಿಲ್ಲ. ಪೂಜೆಯ ಹೊತ್ತಿಗೆ ಲಿಂಗ ಅಂಗೈಗೆ ಬರುತ್ತದೆ, ಪೂಜೆ ಮುಗಿದರೆ ಮತ್ತೆ ಎದೆಗೆ. ಡ್ಯೂಟಿಯಲ್ಲಿ ಯೂನಿಫಾರ್ಮಿನ ಒಳಗಿರುತ್ತದೆ, ಮೇಲಿನ ಗುಂಡಿ ಹಾಕಿರುತ್ತೇನೆ, ಯಾರಿಗೂ ತೊಂದರೆಯಿಲ್ಲ. ಬೈಯಪ್ಪನಹಳ್ಳಿಯಿಂದ ಮೆಟ್ರೊ ಹತ್ತಿದಾಗ ಯಾರಾದರೂ ಏನಿದು ಎಂದು ಕೇಳಿದರೆ ಮಾತ್ರ ‘ಲಾಕೆಟ್ಟು’ ಎಂದು ಹೇಳಿ ಮುಗಿಸುತ್ತಿದ್ದೆ.

ನನ್ನ ಕೆಲಸವೋ, ಬೇರೆಯವರ ಮೈಮೇಲಿನದನ್ನು ಬಿಚ್ಚಿಸುವುದು. ಶಿವಾಜಿನಗರದ ಹತ್ತಿರದ ಒಂದು ಆಸ್ಪತ್ರೆಯಲ್ಲಿ, ಆಪರೇಷನ್‌ಗೆ ಹೋಗುವವರನ್ನು ಸಿದ್ಧಪಡಿಸುವ ವಾರ್ಡು ನನ್ನದು. ಒಳಗೆ ಕರೆಂಟಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹವಿದ್ದರೆ ಸುಟ್ಟೀತೆಂಬ ಭಯ. ಹಾಗಾಗಿ ಬಳೆ, ಉಂಗುರ, ತಾಳಿ, ತಾಯಿತ, ಶಿಲುಬೆ ಎಲ್ಲವೂ ನನ್ನ ಪ್ಲಾಸ್ಟಿಕ್ ಕವರಿಗೆ. ಕವರಿನ ಮೇಲೆ ಹೆಸರು, ಮಂಚದ ನಂಬರು. ಬೆರಳಿನಿಂದ ಬರದೇ ಹೋದ ಉಂಗುರಕ್ಕೆ ಪ್ಲಾಸ್ಟರ್ ಸುತ್ತಿ ಕಳಿಸುವ ಅವಕಾಶವೂ ಇತ್ತು. ಆದರೆ ನನ್ನ ಕೈಗೆ ಬರದ ಉಂಗುರ ಯಾವುದಿತ್ತು? ಸೋಪಿನ ನೀರು, ಒಂದು ಉದ್ದ ದಾರ, ಎರಡು ನಿಮಿಷ. ಅತ್ತವರಿಗೆ ಹೇಳಲು ಒಂದು ಮಾತನ್ನೂ ಸಿದ್ಧವಾಗಿಟ್ಟುಕೊಂಡಿದ್ದೆ: “ದೇವ್ರು ಮನಸ್ಸಲ್ಲಿರ್ತಾನೆ, ಇದ್ರಲ್ಲೇನಿದೆ?” ಈ ಮಾತು ಕೇಳಿ ಬಿಚ್ಚಿ ಕೊಡದವರೇ ಇರಲಿಲ್ಲ. ನನಗೆ ಅದರ ಬಗ್ಗೆ ಜಂಬವೂ ಇತ್ತು.

ಆ ದಿನ ಬೆಳಿಗ್ಗೆ ಮೊದಲನೇ ಕೇಸು ಶಿವಾಜಿನಗರದ ಒಬ್ಬ ಅಜ್ಜಿಯದು. ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಬಳೆಗಳನ್ನು ತಾವೇ ಬಿಚ್ಚಿ ಕೊಟ್ಟರು, ಓಲೆ ಕೊಟ್ಟರು, ಹಲ್ಲಿನ ಸೆಟ್ಟನ್ನೂ ಕೊಟ್ಟರು. ಬಲತೋಳಿಗೆ ಕಪ್ಪು ದಾರದಲ್ಲಿ ಕಟ್ಟಿದ್ದ ತಾಯಿತಕ್ಕೆ ನಾನು ಕೈ ಹಾಕುತ್ತಲೇ ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು.

“ಇದು ಬೇಡ ಬೇಟಿ. ನಮ್ಮ ಯಜಮಾನ್ರು ಕಟ್ಟಿದ್ದು. ಅವ್ರು ಹೋದ್ಮೇಲೂ ತೆಗ್ದಿಲ್ಲ.”

“ಅಮ್ಮಾ, ಥಿಯೇಟರಿಂದ ಟ್ರಾಲಿ ಬರ್ತಿದೆ. ತೆಗೀಲೇಬೇಕು.”

“ಹಾಗಾದ್ರೆ ಆಪರೇಷನ್ನೇ ಬೇಡ. ಮನೆಗೆ ಕಳ್ಸಿಬಿಡು.”

ಆ ಮೂಳೆಯೊಂದಿಗೆ ಮನೆಗೆ ಹೋದರೆ ಅವರು ಮತ್ತೆ ಎದ್ದು ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಸಿಟ್ಟು ನೆತ್ತಿಗೇರಿತು. ಮಂಚದ ಮೇಲೆ ಬಗ್ಗಿ, ನನ್ನ ಸಿದ್ಧ ಮಾತನ್ನೇ ಸ್ವಲ್ಪ ಜೋರಾಗಿ ಹೇಳಿದೆ. “ದೇವ್ರು ಮನಸ್ಸಲ್ಲಿರ್ತಾನೆ ಅಮ್ಮಾ, ಇದ್ರಲ್ಲೇನಿದೆ?” ಬಗ್ಗಿದ ರಭಸಕ್ಕೆ ಗುಂಡಿ ಬಿಚ್ಚಿಕೊಂಡು ಕರಡಿಗೆ ಹೊರಗೆ ಬಂದು ಅವರ ಕಣ್ಣೆದುರಿಗೆ ತೂಗಾಡಿತು.

ಅಜ್ಜಿ ಅದನ್ನು ನೋಡಿದರು, ನನ್ನನ್ನೂ ನೋಡಿದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ.

“ಇದ್ರಲ್ಲೇನಿದೆ ಬೇಟಿ?”

ನಾಲಿಗೆಯ ತುದಿಗೆ ‘ಲಾಕೆಟ್ಟು’ ಬಂತು. ಹಾಗೆಂದಿದ್ದರೆ ನಾನು ಗೆಲ್ಲುತ್ತಿದ್ದೆ. ಮೆಟ್ರೊದಲ್ಲಿ ಅಪರಿಚಿತರಿಗೆ ಹೇಳುವುದು ಬೇರೆ. ಇಲ್ಲಿ ಒಬ್ಬ ಹೆಂಗಸು ತನ್ನದನ್ನು ಹಿಡಿದುಕೊಂಡು ನನ್ನದೇನೆಂದು ಕೇಳುತ್ತಿದ್ದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ನಮ್ ದೇವ್ರು,” ಎಂದೆ. “ನನಗೂ ಇದನ್ನ ಬಿಟ್ಟಿರಕ್ಕೆ ಆಗಲ್ಲ.”

“ಮತ್ತೆ?” ಎಂದರು. ಅಷ್ಟೇ.

ಅರಿವಳಿಕೆ ಡಾಕ್ಟರಿಗೆ ಫೋನು ಮಾಡಿದೆ. ಬೆನ್ನಿಗೆ ಇಂಜೆಕ್ಷನ್ ಕೊಡುವ ಕೇಸು, ಕತ್ತರಿ ಬೀಳುವುದು ಸೊಂಟದ ಹತ್ತಿರ, ತಾಯಿತ ಇರುವುದು ತೋಳಿನಲ್ಲಿ, ಪ್ಲಾಸ್ಟರ್ ಸುತ್ತಿ ಕಳಿಸಲೇ ಎಂದು ಕೇಳಿದೆ. “ಏನ್ ಸಿಸ್ಟರ್, ನೀವೇ ಕೇಳ್ತಿದ್ದೀರಾ?” ಎಂದು ಅವರು ನಕ್ಕರು. “ಸರಿಯಾಗಿ ಸುತ್ತಿ, ಶೀಟಲ್ಲಿ ಬರೀರಿ.” ತಾಯಿತದ ಕೆಳಗೆ ಗಾಜ್ ಬಟ್ಟೆಯಿಟ್ಟು, ಮೇಲೆ ಎರಡು ಸುತ್ತು ಪ್ಲಾಸ್ಟರ್ ಹಾಕಿದೆ. ಶೀಟಿನಲ್ಲಿ ‘ಆಭರಣ ತೆಗೆದಿದೆ’ ಎಂಬುದರ ಎದುರು ಹನ್ನೊಂದು ವರ್ಷಗಳ ಕೆಲಸದಲ್ಲಿ ಮೊದಲ ಸಲ ‘ಇಲ್ಲ’ ಎಂದು ಬರೆದು ಸಹಿ ಮಾಡಿದೆ. ಯಾರಾದರೂ ಕೇಳಿದರೆ ಉತ್ತರ ಹೇಳುವ ಧೈರ್ಯ ನನಗಿತ್ತು, ಈಗಲೂ ಇದೆ. ಅಜ್ಜಿ ಹೋಗುವಾಗ ನನ್ನ ಗಲ್ಲ ಸವರಿ, ತಮ್ಮ ಭಾಷೆಯಲ್ಲಿ ಏನೋ ಹರಸಿದರು.

ಟ್ರಾಲಿ ಹೊರಟ ಮೇಲೆ, ಒಳ್ಳೆಯ ಕೆಲಸ ಮಾಡಿದೆನೆಂಬ ಹುರುಪಿನಲ್ಲಿ ತಿರುಗಿದೆ. ಪಕ್ಕದ ಮಂಚದಲ್ಲಿ ಕೆ.ಆರ್.ಪುರದ ಹುಡುಗಿಯೊಬ್ಬಳು ಕೂತಿದ್ದಳು. ಮದುವೆಯಾಗಿ ಆರು ತಿಂಗಳು, ಪಿತ್ತಕೋಶದಲ್ಲಿ ಕಲ್ಲು, ಎರಡನೇ ಕೇಸು. ಅರ್ಧ ಗಂಟೆಯ ಹಿಂದಷ್ಟೇ ಅವಳ ತಾಳಿ ಬಿಚ್ಚಿಸಿ ಕವರಿಗೆ ಹಾಕಿದ್ದೆ. ಅವಳಿಗೂ ಅದೇ ಮಾತು ಹೇಳಿದ್ದೆ. ಪಾಪ, ತಕ್ಷಣ ತಲೆಯಾಡಿಸಿ ಕೊಟ್ಟುಬಿಟ್ಟಿದ್ದಳು. ಈಗ ಬರಿದಾದ ಕೊರಳ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಡೆದದ್ದೆಲ್ಲ ಅವಳಿಗೆ ಕೇಳಿಸಿತ್ತು.

“ಸಿಸ್ಟರ್,” ಎಂದಳು ಮೆಲ್ಲಗೆ, “ನಾನೂ ಹಠ ಮಾಡಿದ್ರೆ ಬಿಡ್ತಿದ್ರಾ?”

‘ನೀನು ಕೇಳಲೇ ಇಲ್ವಲ್ಲಮ್ಮ’ ಎನ್ನಬಹುದಿತ್ತು. ಆದರೆ ಕೇಳುವುದಕ್ಕೆ ನಾನು ಅವಳನ್ನು ಬಿಟ್ಟಿದ್ದೆನೇ?

“ಇಲ್ಲಮ್ಮ, ಬಿಡ್ತಿರ್ಲಿಲ್ಲ,” ಎಂದು ಡಾಕ್ಟರಿಗೆ ಮತ್ತೆ ಫೋನು ಮಾಡಿದೆ.