ಮಾಮಾನ ದನಿಗೆ ಇಳಿದ ಸೇಬಿನ ಬೆಣ್ಣೆ

ಸೇಬಿನ ಬೆಣ್ಣೆ ಕೆಟ್ಟದ್ದು ನನ್ನ ಬಾಯಿಂದ. ತಿಂದು ಕೆಡಿಸಿದ್ದರೆ ಯಾರಾದರೂ ಕ್ಷಮಿಸುತ್ತಿದ್ದರು. ನಾನು ಕೂಗಿ ಕೆಡಿಸಿದೆ, ಅದೂ ಇನ್ನೊಬ್ಬರ ದನಿಯಲ್ಲಿ. ಚಿಕ್ಕೋಡಿಯ ನಮ್ಮ ಓಣಿಯಲ್ಲಿ ನನ್ನ ಗಂಟಲಿಗೆ ಸಿಗದ ದನಿ ಇಲ್ಲ. ಕಂಡಕ್ಟರ್, ಹಾಲಿನವ, ಸೀನುವ ಅಣ್ಣ, ಎಲ್ಲರೂ ಅಲ್ಲಿ ಬಾಡಿಗೆಗೆ ಇದ್ದಾರೆ. ನನ್ನದೇ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತೇನೆ.

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಉಗಾರ ಖುರ್ದದವಳು. ಅವಳ ಅಪ್ಪ, ನಾವೆಲ್ಲ ಮಾಮಾ ಅನ್ನುತ್ತೇವೆ, ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್ ಆಗಿ ನಿವೃತ್ತರಾದವರು. ಕುದಿಯುವ ಪಾಕವನ್ನು ಎರಡು ಬೆರಳಿನ ನಡುವೆ ಹಿಡಿದು, ಹರಳು ಕಟ್ಟಿತೋ ಇಲ್ಲವೋ ಎಂದು ಹೇಳುವ ಕೆಲಸ. ಯಂತ್ರದ ಗದ್ದಲದಲ್ಲಿ ಆಯುಷ್ಯ ಕಳೆದದ್ದಕ್ಕೆ ಮನೆಯಲ್ಲೂ ಬಾಯ್ಲರ್ ಪಕ್ಕ ನಿಂತವರಂತೆಯೇ ಕೂಗಿ ಮಾತಾಡುತ್ತಾರೆ. ಅಂಥ ದನಿ ಕದಿಯುವುದು ಸಲೀಸು.

ವೈನಿ ಸಣ್ಣವಳಿದ್ದಾಗಿನಿಂದ ಒಲೆಯ ಮೇಲೆ ಏನೇ ಸಿಹಿ ಕುದಿಸಲಿ, ಮಾಮಾನ ತೀರ್ಪು ಒಂದೇ: "ಇನ್ನೊಂದೀಟ ಬೇಕಿತ್ತ ತಂಗೆವ್ವಾ." ಹೋಳಿಗೆಯ ಹೂರಣಕ್ಕೂ ಅದೇ, ಗೋಧಿ ಹುಗ್ಗಿಗೂ ಅದೇ. "ಆತು" ಎನ್ನುವ ಮಾತು ಆ ಬಾಯಿಂದ ಒಮ್ಮೆ ಕೇಳಬೇಕೆಂದು ಅವಳಿಗೆ ಆಸೆ. ಈ ಸಲ ಮಾಮಾ ಹಲ್ಲೆಲ್ಲ ಕೀಳಿಸಿಕೊಂಡಿದ್ದರು, ಹೊಸ ಸೆಟ್ ಇನ್ನೂ ಬಂದಿರಲಿಲ್ಲ. ಸಂಜೆ ಐದರ ಬಸ್ಸಿಗೆ ಬರುವವರಿದ್ದರು. ಅಗಿಯದೆ ನುಂಗುವಂಥದ್ದು ಏನು ಮಾಡಲಿ ಎಂದು ವೈನಿ ಮೊಬೈಲಿನಲ್ಲಿ ಹುಡುಕಿ ಈ ಸೇಬಿನ ಬೆಣ್ಣೆಯನ್ನು ಹಿಡಿದಳು.

"ಬೆಣ್ಣಿ ಎಲ್ಲಿ ಹಾಕ್ತಿ?" ಅಂದಳು ಅವ್ವ.

"ಬೆಣ್ಣಿ ಇಲ್ಲರಿ ಅತ್ತಿ. ಬೆಣ್ಣಿ ಹಂಗ ಮೆತ್ತಗ ಆಕ್ಕೈತಿ, ಅದಕ ಆ ಹೆಸರ."

"ಹಂಗಾರ ನಿನ್ನ ಮೈದುನಗ ಗಂಡಸ ಅಂದಂಗಾತು, ಹೆಸರಿಗಿ ಅಷ್ಟ."

ನಿಪ್ಪಾಣಿಯ ಹಣ್ಣಿನ ಚಾಚಾ ಹಿಂದಿನ ದಿನ ಕಪ್ಪು ಡಾಗು ಬಿದ್ದ ಸೇಬುಗಳನ್ನೇ ಆರಿಸಿ ಕೊಟ್ಟಿದ್ದರು. "ಮಾರಿ ನೋಡಬ್ಯಾಡ್ರಿ, ಒಳಗ ದಿಲ್ ಸಿಹಿ ಐತಿ" ಎಂದು. ವೈನಿ ಬೆಳಿಗ್ಗೆ ಆರಕ್ಕೆ ಡಾಗು ಕೆತ್ತಿ, ಸಿಪ್ಪೆ ಸಮೇತ ಹೆಚ್ಚಿ, ಬೆಲ್ಲ, ದಾಲ್ಚಿನ್ನಿ, ನಾಲ್ಕು ಲವಂಗ, ಚಿಟಿಕೆ ಉಪ್ಪು ಸೇರಿಸಿ ಅಣ್ಣ ಪುಣೆಯಿಂದ ತಂದಿದ್ದ ಸ್ಲೋ ಕುಕ್ಕರಿಗೆ ಹಾಕಿದಳು. ಅದು ಕರೆಂಟಿನ ಮೇಲೆ ದಿನವಿಡೀ ಮೆಲ್ಲಗೆ ಬೇಯಿಸುವ ಪಾತ್ರೆ. ಸೀಟಿ ಹೊಡೆಯುವುದಿಲ್ಲ. ಪಾಪ ಅನ್ನಿಸಿ ಅದರ ಪರವಾಗಿ ನಾನೇ ಮೂರು ಸೀಟಿ ಹೊಡೆದೆ. ಹಿತ್ತಲಿನಿಂದ ಅವ್ವ ಗ್ಯಾಸ್ ಬಂದ್ ಮಾಡಲು ಓಡಿಬಂದಳು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಜಾಣ.

ಮಧ್ಯಾಹ್ನದ ಹೊತ್ತಿಗೆ ವೈನಿ ಹಣ್ಣನ್ನು ಕಿವುಚಿ, ಜರಡಿ ಹಿಡಿದು, ಮತ್ತೆ ಕುಕ್ಕರಿಗೆ ಸುರಿದು, ಹಬೆ ಹೋಗಲೆಂದು ಮುಚ್ಚಳಕ್ಕೆ ಚಮಚ ಅಡ್ಡ ಕೊಟ್ಟಳು. ಮನೆಯೆಲ್ಲ ಲವಂಗದ ವಾಸನೆ. ಮೂರು ಗಂಟೆಗೆ ನಾನು ಅಂಗಳದ ಕಟ್ಟೆ ಮೇಲೆ ಕೂತವನು, ಬೇಸರಕ್ಕೆ, ಬಾಯ್ಲರ್ ದನಿಯಲ್ಲಿ ಕೂಗಿದೆ: "ತಂಗೆವ್ವಾ! ವಾಸನಿ ಇಲ್ಲೀತನ ಬಂದೈತಿ! ಆತು, ಇಳಸ!"

ಒಳಗೆ ಭರಣಿಗಳ ಸದ್ದಾಯಿತು. ಸ್ವಲ್ಪ ಹೊತ್ತಿಗೆ ವೈನಿ ಬಟ್ಟಲು ಹಿಡಿದು, ಮುಖವೆಲ್ಲ ನಗೆಯಾಗಿ ಹೊರಗೆ ಬಂದಳು. ಕಟ್ಟೆಯ ಮೇಲೆ ನಾನೊಬ್ಬನೇ. ಬಟ್ಟಲಲ್ಲಿದ್ದದ್ದು ತಿಳಿಸಾರಿನಂತೆ ಅಲ್ಲಾಡುತ್ತಿತ್ತು. ಅಪ್ಪನ "ಆತು" ಕಿವಿಗೆ ಬಿದ್ದ ಸಂತೋಷಕ್ಕೆ, ಅವರು ಮೊದಲಿನ ಬಸ್ಸಿಗೇ ಬಂದರೆಂದು ತಿಳಿದು, ಅವಳು ನೋಡದೇ ಬಂದ್ ಮಾಡಿ, ಭರಣಿಗೆ ತುಂಬಿಬಿಟ್ಟಿದ್ದಳು. ಆ ನಗೆ ಇಳಿದದ್ದನ್ನು ಮಾತ್ರ ನಾನು ಇವತ್ತಿಗೂ ಅಣಕಿಸಲಾರೆ.

ಬೈಯಲಿಲ್ಲ. "ಬಾ ತಮ್ಮಾ, ಪಾಳಿ ನಿಂದು" ಅಂದಳು.

ಕುಕ್ಕರ್ ಮತ್ತೆ ಕಾಯುವಷ್ಟರಲ್ಲಿ ಬಸ್ಸು ಬಂದಿರುತ್ತಿತ್ತು. ಭರಣಿಗಳಲ್ಲಿದ್ದದ್ದನ್ನೆಲ್ಲ ಅಗಲವಾದ ದಪ್ಪ ಕಡಾಯಿಗೆ ಸುರಿದು, ಗ್ಯಾಸನ್ನು ಸಣ್ಣಗೆ ಹಚ್ಚಿ, ಹುಟ್ಟು ನನ್ನ ಕೈಗೆ ಕೊಟ್ಟಳು. "ತಳ ಹಿಡಿದ್ರ ಅಪ್ಪಗ ಬಾಗಲದಾಗ ಗೊತ್ತಾಕ್ಕೈತಿ. ಕೈ ನಿಲ್ಲಸಬ್ಯಾಡ. ಬಾಯಿ ನಿಲ್ಲಸ."

ನಿಲ್ಲಿಸಿದೆ. ಗಟ್ಟಿಯಾಗುತ್ತ ಬಂದ ಹಣ್ಣು ಪುಚಕ್ಕನೆ ಸಿಡಿದು ಮುಂಗೈ ಮೇಲೆ ಅಂಟುತ್ತಿತ್ತು. ಕೂಗಲೂ ಪರವಾನಗಿ ಇಲ್ಲ. ಅಷ್ಟು ಹೊತ್ತು ಸುಮ್ಮನಿದ್ದದ್ದಕ್ಕೆ ಅವ್ವ ಬಂದು ನನ್ನ ಹಣೆ ಮುಟ್ಟಿ ನೋಡಿ ಹೋದಳು.

ಬಾಯಿ ಮುಚ್ಚಿದ್ದಕ್ಕೆ ಕಣ್ಣಾದರೂ ತೆರೆಯಿತು. ವೈನಿ ಗಡಿಯಾರ ನೋಡುತ್ತಿರಲಿಲ್ಲ, ಮೊಬೈಲ್ ನೋಡುತ್ತಿರಲಿಲ್ಲ. ಗುಳ್ಳೆಯ ಸದ್ದು ದಪ್ಪವಾದಾಗೊಮ್ಮೆ ಒಂದು ಹನಿ ತೆಗೆದು, ಹೆಬ್ಬೆಟ್ಟು ತೋರುಬೆರಳಿನ ನಡುವೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಬಿಡಿಸುತ್ತಿದ್ದಳು. ತುಟಿ ಬಿಗಿ, ಎಡಗಣ್ಣು ಸಣ್ಣ. ಮಾಮಾನದೇ ಭಂಗಿ. ಅಣ್ಣನ ಮದುವೆಯಲ್ಲಿ ನಾನೂ ಅದನ್ನು ಮಾಡಿ ಮಂದಿಯನ್ನು ನಗಿಸಿದ್ದೆ, ಆದರೆ ನನ್ನ ಬೆರಳಿನ ನಡುವೆ ಏನೂ ಇರಲಿಲ್ಲ. ಇವಳ ಬೆರಳು ಹಣ್ಣಿನೊಳಗಿನ ನೀರನ್ನು ಎಣಿಸುತ್ತಿತ್ತು. ಯಾರೂ ಕಲಿಸಿದ್ದಲ್ಲ, ತಾನು ಹಾಗೆ ಮಾಡುತ್ತಿದ್ದೇನೆಂದು ಅವಳಿಗೂ ಗೊತ್ತಿರಲಿಲ್ಲ.

"ತಂಗೆವ್ವಾ!" ಬಾಗಿಲಲ್ಲಿ ಕೂಗು.

ವೈನಿ ಮೊದಲು ನನ್ನ ತುಟಿ ನೋಡಿದಳು. ಮುಚ್ಚಿತ್ತು. ಆದರೂ ಅವಳು ಎದ್ದು ಹೋಗಲಿಲ್ಲ. ಇನ್ನೊಂದು ಹನಿ ತೆಗೆದು ಬೆಳಕಿಗೆ ಹಿಡಿದಳು, ಬಿಡಿಸಿದಳು, ಯಾರನ್ನೂ ಕೇಳದೆ ಗ್ಯಾಸ್ ಬಂದ್ ಮಾಡಿದಳು. ತಿರುಗಿದರೆ ಮಾಮಾ ಅಡುಗೆಮನೆಯ ಹೊಸ್ತಿಲಲ್ಲಿ ಚೀಲ ಹಿಡಿದು ನಿಂತು ನೋಡುತ್ತಿದ್ದರು.

ಮೆತ್ತನೆಯ ಚಪಾತಿಯ ಮೇಲೆ ಕೆಂಪಗಿನ ಬೆಣ್ಣೆ ಸವರಿ ಕೊಟ್ಟಳು. ಮಾಮಾ ಒಸಡಿನಿಂದಲೇ ಮೆಲ್ಲುತ್ತ ಕೂತರು. ತಟ್ಟೆ ಒರೆಸಿ ಖಾಲಿ ಮಾಡಿದರು. ವೈನಿ ಸೆರಗಿಗೆ ಬೆರಳು ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಅವ್ವನಿಗೆ ತಡೆಯಲಾಗಲಿಲ್ಲ. "ನಿಮ್ಮ ದನಿ ತಗದ ಅಕಿಗಿ ಮೋಸ ಮಾಡ್ಯಾನ್ರಿ ಇಂವಾ" ಎಂದು ಮೂರು ಗಂಟೆಯ ಕಥೆಯನ್ನೆಲ್ಲ ಹೇಳಿಬಿಟ್ಟಳು.

"ಮಾಡ ನೋಡೂನು ಲೇ" ಅಂದರು ಮಾಮಾ.

ತಲೆ ತಗ್ಗಿಸಿ, ಸಣ್ಣಗೆ ಮಾಡಿ ತೋರಿಸಿದೆ. ಮಾಮಾ ಪೂರ್ತಿ ಕೇಳಿದರು, ಮಗಳ ಕೈ ನೋಡಿದರು, ಖಾಲಿ ತಟ್ಟೆಯನ್ನು ಅವಳತ್ತ ಮತ್ತೆ ಚಾಚಿ ನನಗೆ ಹೇಳಿದರು:

"ದನಿ ನೀ ಕದ್ದಿ, ಇರ್ಲಿ ತಗೋ. ನನ್ನ ಬೆರಳ ಮಾತ್ರ ನಿನಕಿಂತ ಮೊದಲ ಇಕಿ ಕದ್ದಾಳ."